ದಂಪತಿಗಳ ಕಲಹವೂ ಮಕ್ಕಳ ವಿದ್ಯಾಭ್ಯಾಸವೂ

ಚುಂಚನಕಟ್ಟೆಯಲ್ಲಿ ಕಾವೇರಿಯು ಧುಮುಕುವ ಸದ್ದು ಸುತ್ತಲೆಲ್ಲ ಕೇಳಿಸಿದರೂ ಕೋದಂಡರಾಮಸ್ವಾಮಿಯ ಗರ್ಭಗುಡಿಯೊಳಗೆ ಮಾತ್ರ ಕೇಳಿಸದೆಂದು ಆ ಕಡೆಯ ಜನರು ಹೇಳುವುದುಂಟು. ತಮ್ಮ ಮನೆಯ ಜಗಳದ ವಿಷಯದಲ್ಲಿಯೂ ತಾಯಿತಂದೆಗಳಲ್ಲಿ ಅನೇಕರ ನಂಬಿಕೆ ಇಂಥದೇ. ಬಾಗಿಲು ಮುಚ್ಚಿದೆ, ಮಗು ಮಲಗಿದೆ, ಅದಕ್ಕೇನೂ ತಿಳಿಯದು ಎನ್ನುವರು. ಆದರೆ ಮಗುವಿಗೆ ಕೇಳಿಸುತ್ತದೆ. ಅಮೆರಿಕದ ಆರೆಗನ್ ವಿಶ್ವವಿದ್ಯಾನಿಲಯದ ಶೋಧಕರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷವೂ ತುಂಬದ ಕೂಸುಗಳು ನಿದ್ರಿಸುತ್ತಿರುವಾಗಲೇ ಕೋಪದ ಧ್ವನಿಯನ್ನು ಕೇಳಿಸಲಾಯಿತು. ಕಲಹ ಹೆಚ್ಚಿದ್ದ ಮನೆಗಳ ಕೂಸುಗಳ ಮಿದುಳಿನ ಕೆಲವು ಭಾಗಗಳು ಹೆಚ್ಚಾಗಿ ಮಿಡಿದುವು.

ಶಾಲೆಯಲ್ಲಿ ಇದರ ಗುರುತು ನಮಗೆ ಮೊದಲು ಕಾಣುವುದು ಲೆಕ್ಕದ ಪಾಠದಲ್ಲಿ. ಹಿಂದಿನ ಹೆಜ್ಜೆಯನ್ನು ಮನಸ್ಸಿನಲ್ಲಿರಿಸಿಕೊಂಡು ಮುಂದಿನದನ್ನು ಇಡಬೇಕಾದ ವಿದ್ಯೆಯದು. ಮನಸ್ಸು ಮನೆಯ ಕಾವಲಿಗೆ ಹೋಗಿರುವ ಹುಡುಗಿಗೆ ಅದು ಕೈಗೂಡದು. ಕೆಲವರು ಗೆಳತಿಯರೊಡನೆ ಜಗಳಗಂಟಿಯರಾಗುವರು. ಕೆಲವರಿಗೆ ಸೋಮವಾರವೇ ಹೊಟ್ಟೆನೋವು. ಅತಿ ಸಾಧುವಾದ, ಕರೆದರೆ ಬೆಚ್ಚುವ ಹುಡುಗಿಯನ್ನು ನಾವು ಉಪಾಧ್ಯಾಯಿನಿಯರು ಬಹುಕಾಲ ಒಳ್ಳೆಯವಳೆಂದು ಹೊಗಳಿ ಸುಮ್ಮನಾಗಿದ್ದೆವು. ಅದು ನಮ್ಮ ದೊಡ್ಡ ತಪ್ಪು.

ಇನ್ನೊಂದು ತಪ್ಪನ್ನೂ ಹೇಳಿಬಿಡುವೆವು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೂರು ದಿನ ತಡವಾಗಿ ಬಂದಳು. ನಾವು ಆಕೆಯನ್ನು ಹೊರಗೆ ನಿಲ್ಲಿಸಿದೆವು. ಹರಾಜಿನ ಹಣ ಸಾಲಕ್ಕೆ ಸಾಲದೆ ರಾತ್ರಿಯೆಲ್ಲ ಮಾತು ಬೆಳೆಯುತ್ತಿದ್ದಿತೆಂದೂ, ಈಕೆ ತಾಯಿತಂದೆಗಳ ನಡುವೆ ಎಚ್ಚರವಾಗಿ ಕುಳಿತಿರುತ್ತಿದ್ದಳೆಂದೂ ಆಮೇಲೆ ತಿಳಿಯಿತು. ಇಬ್ಬರನ್ನೂ ಕರೆಯಿಸಿದೆವು. “ಅದು ಆ ವಾರವೇ ಸರಿಹೋಯಿತಲ್ಲ, ತಾಯೀ” ಎಂದು ತಂದೆ ಆಶ್ಚರ್ಯಪಟ್ಟರು. “ಮಗಳಿಗೆ ಹೇಳಿದಿರೋ?” ಎಂದೆವು. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಗಂಡಹೆಂಡಿರಲ್ಲಿ ಮಾತು ಬರಲೇಬಾರದೆಂದು ನಾವು ಹೇಳುವವರಲ್ಲ. ಮಾರ್ಕ್ ಕಮಿಂಗ್ಸ್ ಎಂಬ ಮನಶ್ಶಾಸ್ತ್ರಜ್ಞರು ಬಹುಕಾಲ ಶೋಧಿಸಿ ಕಂಡುದೇನೆಂದರೆ, ರಾಜಿಯಾದುದನ್ನು ಕಂಡ ಮಕ್ಕಳ ಕಳವಳ ಬಹುಮಟ್ಟಿಗೆ ಇಳಿಯುತ್ತದೆ. ಕಾಣದಿದ್ದರೂ ರಾಜಿಯಾಯಿತೆಂದು ಹೇಳಿದರೆ ಸಹ ಇಳಿಯುತ್ತದೆ. ಜಗಳವನ್ನು ಮಕ್ಕಳೆದುರಿಗೆ ಆಡಿ ಸಮಾಧಾನವನ್ನು ಮಾತ್ರ ಗುಟ್ಟಾಗಿ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಏನೂ ತಿಳಿಯದ ಮಗು ತನ್ನಿಂದಲೇ ಹೀಗಾಯಿತೆಂದು ಎಣಿಸುವುದೂ ಉಂಟು.

ಕೈಯೆತ್ತುವ ಮನೆಯ ಮಾತು ಬೇರೆ. ಅಲ್ಲಿ ರಾಜಿಯ ಉಪದೇಶವನ್ನು ನಾವು ಮಾಡೆವು. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಪತಿಯಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದರು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯು ತಾಯಿಗೂ ಆಕೆಯ ಮಕ್ಕಳಿಗೂ ರಕ್ಷಣೆಯನ್ನು ಕೊಡುತ್ತದೆ. ಮಕ್ಕಳ ಸಹಾಯವಾಣಿ 1098ನ್ನು ಹುಡುಗಿ ತಾನೇ ಕರೆಯಬಹುದು. ಈ ಅಂಕೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಯಿಸಿರುವೆವು.

ಆ ಹುಡುಗಿಗೆ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಕೊಠಡಿಯ ಬೆಂಚಿನ ಮೇಲೆ ಮಲಗಲು ಅನುಮತಿಯಿತ್ತೆವು. ಮೊದಲ ವಾರವೆಲ್ಲ ನಿದ್ರಿಸಿದಳು. ಎರಡನೆಯ ವಾರದಲ್ಲಿ ಲೆಕ್ಕದ ಪುಸ್ತಕವನ್ನೂ ತಂದಳು.