ಆರ್ಡರ್ ಕೇಳಿಸದ ಸಪ್ಲೈಯರ್

ಮಧ್ಯಾಹ್ನ ಒಂದೂವರೆ. ಹೋಟೆಲ್ ಫುಲ್ ರಶ್. ನಿಮ್ಮ ಟೇಬಲ್‌ಗೆ ಬಂದ ಸಪ್ಲೈಯರ್‌ಗೆ ಕಿವಿ ಕೇಳಿಸಲ್ಲ. ಹೇಳಿದ್ದೇ ಬರುತ್ತಾ ಅಂತ ಅನುಮಾನವೇ?

ಲೆಮನ್ ಟ್ರೀ ಹೋಟೆಲ್‌ಗಳು 2007ರಿಂದ ಕಿವಿ ಕೇಳಿಸದ, ಮಾತು ಬಾರದವರನ್ನ ಕೆಲಸಕ್ಕೆ ತಗೊಳ್ತಿವೆ. ಮೊದಮೊದಲು ಗಿರಾಕಿ ಕಣ್ಣಿಗೆ ಬೀಳದ ಕೆಲಸಗಳು. ಆಮೇಲೆ ಟೇಬಲ್ ಹತ್ತಿರಕ್ಕೇ ಬಂದರು.

ಅದಕ್ಕೆ ಬದಲಾಗಿದ್ದು ಮೆನು ಕಾರ್ಡ್! ಒಂದೊಂದು ಐಟಂಗೂ ಒಂದೊಂದು ಕೋಡ್. ನೀವು ಬೆರಳಿಟ್ಟು ತೋರಿಸ್ತೀರಿ, ಅವರು ಬರ್ಕೊಳ್ತಾರೆ. ಕೇಳಿಸಿಕೊಳ್ಳೋ ಗೊಂದಲವೇ ಇಲ್ಲ. "ಖಾರ ಕಮ್ಮಿ" ಅಂತ ಹೇಳೋದು ಸ್ವಲ್ಪ ಕಷ್ಟ ಬಿಡಿ, ಅದಕ್ಕೆ ಚೀಟಿ, ಪೆನ್ನು ಬೇಕು.

ಇನ್ನೊಂದು ಬದಲಾವಣೆ ಒಳಗಡೆ. ಕಿವಿ ಕೇಳಿಸೋ ಸಿಬ್ಬಂದಿಗೂ ಸನ್ನೆ ಭಾಷೆ ಕಲಿಸ್ತಾರೆ. ನನಗೆ ಇದೇ ದೊಡ್ಡದು ಅನ್ಸುತ್ತೆ. ಎಕ್ಸಾಸ್ಟ್ ಫ್ಯಾನ್, ಪಾತ್ರೆ ಸದ್ದಿನ ಮಧ್ಯೆ ಕೂಗಿದ್ದು ಅರ್ಧ ಕೇಳಿಸಲ್ಲ. ಕೈಸನ್ನೆ ಅಡುಗೆಮನೆಯ ಆ ತುದಿಗೂ ಕಾಣುತ್ತೆ.

ಬೇರೆ ಬೇರೆ ಥರದವರನ್ನ ಸೇರಿಸಿಕೊಂಡು, ಕೆಲಸದ ರೀತಿ ಮಾತ್ರ ಹಳೇದೇ ಇಟ್ಟರೆ? ಆರ್ಡರ್ ತಪ್ಪುತ್ತೆ, ಬೈಗುಳ ಆ ಹುಡುಗನಿಗೆ ಬೀಳುತ್ತೆ. ತಪ್ಪು ಮೆನುವಿಂದು, ಟ್ರೈನಿಂಗ್‌ದು.

ನಮ್ಮ ಹುಬ್ಬಳ್ಳೀಲೂ ಒಂದು ಉದಾಹರಣೆ ಇದೆ. 2017ರಲ್ಲಿ ಅಲೀನಾ ಆಲಂ ಅಲ್ಲಿ ಮಿಟ್ಟಿ ಕೆಫೆ ಶುರು ಮಾಡಿದರು. ಅಲ್ಲಿ ಟೀ ಮಾಡೋರು, ತಿಂಡಿ ಕೊಡೋರು ಅಂಗವೈಕಲ್ಯ ಇರುವವರು. 2023ರಲ್ಲಿ ಅದರ ಒಂದು ಶಾಖೆ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೇ ತೆರೆಯಿತು. ಈಗ ವಕೀಲರೂ ಅಲ್ಲೇ ಚಹಾಕ್ಕೆ ನಿಲ್ತಾರೆ.