ಗಣಕಯಂತ್ರದ ನೆನಪು ತಪ್ಪಿದಾಗ

ಸುವರ್ಣ ಮಹೋತ್ಸವದ ನಿಮಿತ್ತ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸುವ ಹೊಣೆಯನ್ನು ಹಿರಿಯರು ನನಗೆ ವಹಿಸಿದರು. ನಾರಾಯಣಪೇಟೆ, ಮಕ್ತಲ್ ಹಾಗೂ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಈ ಸೀಮೆಯ ಎಷ್ಟೋ ಕನ್ನಡ ಮನೆತನಗಳ ಮಕ್ಕಳ ಹೆಸರು, ಜನ್ಮದಿನಾಂಕ, ಅಂಕಗಳು ಆ ಜೀರ್ಣ ಪುಟಗಳಲ್ಲಿವೆ.

ಯಂತ್ರವು ತೀರ ನಿಧಾನವಾಗಿದ್ದುದನ್ನು ಕಂಡು ಹಳೆಯ ವಿದ್ಯಾರ್ಥಿಯೊಬ್ಬರು 4 ಜಿಬಿಯ ಮೆಮೊರಿ ಪಟ್ಟಿಯೊಂದನ್ನು ಕಳುಹಿಸಿಕೊಟ್ಟರು. ಮೊದಲಿದ್ದ 4 ಜಿಬಿಯ ಪಕ್ಕದಲ್ಲಿ ಅದನ್ನು ಕೂರಿಸಿದೆ. ಪರದೆಯು 8 ಜಿಬಿ ಎಂದು ತೋರಿಸಿತು. ಆ ಸಂತೋಷ ಒಂದು ಗಂಟೆಯೂ ಬಾಳಲಿಲ್ಲ. ನೀಲಿ ಪರದೆ ಬಂದು ಯಂತ್ರ ನಿಂತುಹೋಯಿತು. ಮತ್ತೆ ಚಾಲೂ ಮಾಡಿದರೆ ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಅರ್ಧ ದಿನಕ್ಕೆ ಅದೇ ಕಥೆ. ಮೂರು ದಿನ ಹೀಗೆಯೇ ಏಗಿದೆ. ಅದು ನನ್ನ ಮೊದಲ ತಪ್ಪು.

ಪ್ರಾರಂಭದಲ್ಲಿ ಯಂತ್ರವು ಮೆಮೊರಿಯನ್ನು ಎಣಿಸುತ್ತದೆಯೇ ಹೊರತು ಕೂಲಂಕಷವಾಗಿ ಪರೀಕ್ಷಿಸುವುದಿಲ್ಲ. ನಾರಾಯಣಪೇಟೆಯ ಮಗ್ಗಗಳನ್ನು ಕಂಡವರಿಗೆ ಮೆಮೊರಿಯ ರಚನೆಯನ್ನು ವಿವರಿಸುವುದು ಸುಲಭ. ಹಾಸು ಹೊಕ್ಕಿನಂತೆ ಅಲ್ಲಿ ಅಡ್ಡಗೆರೆ, ಉದ್ದಗೆರೆಗಳು ಹೆಣೆದುಕೊಂಡಿರುತ್ತವೆ. ಅವು ಸಂಧಿಸುವ ಒಂದೊಂದು ಸ್ಥಾನದಲ್ಲಿಯೂ ಅತಿಸೂಕ್ಷ್ಮವಾದೊಂದು ಕೆಪಾಸಿಟರ್. ಸ್ಥೂಲವಾಗಿ ಹೇಳುವುದಾದರೆ, ಅದರಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ತೂತು ಬಿದ್ದ ಕೊಡದಂತೆ ಅದು ಸದಾ ಸೋರುತ್ತಿರುತ್ತದೆ. ಆದುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಿಸಬೇಕು. ಯಾವುದೋ ಒಂದು ಕೊಡ ಅದಕ್ಕೂ ಮೊದಲೇ ಬರಿದಾದರೆ ಒಂದು ಇದ್ದಲ್ಲಿ ಸೊನ್ನೆ. ಬಿಸಿಯೇರಿದಷ್ಟೂ ಸೋರಿಕೆ ಹೆಚ್ಚು. ನಮ್ಮ ಕಡೆಯ ಬೇಸಿಗೆಯನ್ನು ಓದುಗರಿಗೆ ವರ್ಣಿಸಬೇಕಾಗಿಲ್ಲ.

ಮೊದಲು ಎರಡೂ ಪಟ್ಟಿಗಳು ಒಂದೇ ಜಾತಿಯವೇ ಎಂದು ನೋಡಿದೆ. ಡಿಡಿಆರ್3 ಇರುವಲ್ಲಿ ಡಿಡಿಆರ್4 ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ. ಆದರೆ ಒಂದೇ ಜಾತಿಯೊಳಗೂ ವೇಗ, ವೋಲ್ಟೇಜ್ ಬೇರೆಯಾಗಬಹುದು. ಡಿಡಿಆರ್3ಕ್ಕೆ 1.5 ವೋಲ್ಟ್, ಅದರ ಡಿಡಿಆರ್3ಎಲ್ ಎಂಬ ಪ್ರಭೇದಕ್ಕೆ 1.35. ಗದ್ವಾಲ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಬಿಗಿ ಹೊಂದಬೇಕಷ್ಟೆ, ಇಲ್ಲಿಯೂ ಹಾಗೆಯೇ. ನನ್ನವೆರಡೂ ಹೊಂದುವಂಥವೇ ಆಗಿದ್ದವು.

ಅನಂತರ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ಪಟ್ಟಿಗಳನ್ನು ಹೊರತೆಗೆದೆ. ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಒರೆಸಿ, ಚಿಲಕ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದೆ. ಅನೇಕ ವೇಳೆ ಇಷ್ಟಕ್ಕೇ ರೋಗ ವಾಸಿಯಾಗುತ್ತದೆ. ನನ್ನದು ಆಗಲಿಲ್ಲ.

ಉಳಿದದ್ದು ಒಂದೊಂದನ್ನೇ ಬೇರೆಮಾಡಿ ನೋಡುವ ದಾರಿ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವು ವಿಂಡೋಸ್‌ನ ಹಂಗಿಲ್ಲದೆ ಪೆನ್‌ಡ್ರೈವಿನಿಂದಲೇ ಓಡಿ, ಮೆಮೊರಿಯಲ್ಲಿ ಬರೆದು ಮರಳಿ ಓದುತ್ತದೆ. ಹಳೆಯ ಪಟ್ಟಿಯೊಂದನ್ನೇ ಇಟ್ಟು ಒಂದು ರಾತ್ರಿ ಓಡಿಸಿದೆ, ಒಂದೂ ದೋಷವಿಲ್ಲ. ಹೊಸದೊಂದನ್ನೇ ಇಟ್ಟಾಗ ಮೂರನೆಯ ಸುತ್ತಿನಲ್ಲಿ ದೋಷಗಳು ಕಾಣಿಸಿಕೊಂಡವು. ಒಂದೇ ಸುತ್ತಿಗೆ ನಿಲ್ಲಿಸಿದ್ದರೆ ಅದು ನಿರ್ದೋಷಿಯೆಂದೇ ನಂಬುತ್ತಿದ್ದೆ. ಹಳೆಯದು ಚೆನ್ನಾಗಿ ನಡೆದ ಗಾಡಿಗೇ ಹೊಸದನ್ನು ಬದಲಿಸಿ ನೋಡಿದರೂ ಅದೇ ದೋಷ. ಅಲ್ಲಿಗೆ ಗಾಡಿಯದಲ್ಲ, ಪಟ್ಟಿಯದೇ ತಪ್ಪೆಂದು ತೀರ್ಮಾನವಾಯಿತು. ಹೊಸದು ಎಂದ ಮಾತ್ರಕ್ಕೆ ಅದನ್ನು ಅನುಮಾನಿಸದೆ, ಪಾಪ, ಹಳೆಯದನ್ನೇ ಬೈದಿದ್ದೆ.

ಯಂತ್ರ ನಿಂತುಹೋಗುವುದು ಸಣ್ಣ ತೊಂದರೆ. ನಿಲ್ಲದೆಯೇ ತಪ್ಪನ್ನು ಬರೆದಿಟ್ಟರೆ? ಪೂರ್ಣಾಂಕವಾಗಿ 35ನ್ನು ಯಂತ್ರವು 100011 ಎಂದು ಬರೆದುಕೊಳ್ಳುತ್ತದೆ. ಮೊದಲ ಒಂದು ಅಳಿದರೆ ಉಳಿಯುವುದು 3. ಉತ್ತೀರ್ಣನಾದ ಹುಡುಗ ಅನುತ್ತೀರ್ಣ! ಯುನಿಕೋಡ್‌ನಲ್ಲಿ 'ಗ'ಕಾರದ ಒಂದೇ ಒಂದು ಬಿಟ್ ಸೊನ್ನೆಯಾದರೆ ಅದು 'ಕ'ಕಾರ; ಗದ್ವಾಲ 'ಕದ್ವಾಲ'ವಾದೀತು, ಗಡಿ 'ಕಡಿ'ಯಾದೀತು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ಬಿದ್ದುದು ಇಂಥದೇ ಒಂದು ಬಿಟ್ಟಿನ ಪಲ್ಲಟದಿಂದಿರಬೇಕೆಂದು ಊಹಿಸಲಾಯಿತು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವುದು ಅದೇ 4096.

ಆದಕಾರಣ ಆ ಮೂರು ದಿನಗಳಲ್ಲಿ ಏರಿಸಿದ ಪುಟಗಳನ್ನೆಲ್ಲ ಮೂಲ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡಿದೆವು. ಮಕ್ತಲ್ ಕಡೆಯ ವಿದ್ಯಾರ್ಥಿಯೊಬ್ಬನ ಗಣಿತದ 35 ನಮ್ಮ ಕಡತದಲ್ಲಿ 3 ಆಗಿತ್ತು. ಐದನ್ನು ಒತ್ತಲು ನನ್ನ ಬೆರಳು ಮರೆಯಿತೋ, ಯಂತ್ರವೇ ಮರೆಯಿತೋ ಹೇಳಲಾರೆ. ತಿದ್ದಿದೆವು.

ಪಟ್ಟಿಯನ್ನು ಮಾರಿದವರು ವಾರಂಟಿಯಲ್ಲಿ ಬದಲಿಸಿಕೊಟ್ಟರು. ಬಂದದ್ದನ್ನೂ ಒಂದು ರಾತ್ರಿ ಪರೀಕ್ಷಿಸಿದ ಮೇಲೆಯೇ ಮುಂದಿನ ಪುಟಕ್ಕೆ ಕೈಹಾಕಿದೆ. ಮಹೋತ್ಸವಕ್ಕೆ ಆಗಮಿಸುವ ಹಳೆಯ ವಿದ್ಯಾರ್ಥಿಗಳು ಕಚೇರಿಗೆ ಬಂದು, ತಮ್ಮ ಹೆಸರಿನ ಸಾಲನ್ನು ಮೂಲ ಪುಸ್ತಕದೊಡನೆ ಒಮ್ಮೆ ಹೋಲಿಸಿ ನೋಡಬೇಕಾಗಿ ವಿನಂತಿ.