ನಕ್ಷೆಗೂ ಬೀಗ, ಬೀಗಕ್ಕೂ ದರ್ಜೆ

ಚಳ್ಳಕೆರೆಯಿಂದ ಹಾನಗಲ್ ಮಾರ್ಗವಾಗಿ ಮೊಳಕಾಲ್ಮುರಿಗೆ ಹೋಗುವ ದಾರಿ ಆ ಊರಿನ ವಿದ್ಯಾರ್ಥಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ‘ವೇಜ್’ ನಕ್ಷೆಯಲ್ಲಿ ಅದನ್ನು ತಿದ್ದಲು ಗೊತ್ತಿದ್ದರಷ್ಟೇ ಸಾಲದು!

ಮೊಬೈಲಿನಲ್ಲಿ ದಾರಿ ತೋರಿಸುವ, 2013ರಲ್ಲಿ ಗೂಗಲ್ ಕೊಂಡುಕೊಂಡ ಈ ನಕ್ಷೆಯನ್ನು ತಿದ್ದುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅವರಲ್ಲಿ ಆರು ದರ್ಜೆ. 1ನೇ ದರ್ಜೆಯ ಹೊಸಬರು ತಾವು ಈಚೆಗೆ ವಾಹನದಲ್ಲಿ ಓಡಾಡಿದ ಆಸುಪಾಸನ್ನಷ್ಟೇ ಮುಟ್ಟಬಹುದು. ಹೆದ್ದಾರಿಗಳಿಗೆ ಸಾಮಾನ್ಯವಾಗಿ ಮೇಲಿನ ದರ್ಜೆಯ ಬೀಗ. ಓಣಿಯ ಗೆರೆ ತಪ್ಪಿದರೆ ನಾಲ್ಕು ಮನೆಯವರಿಗೆ ತೊಂದರೆ. ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಗೆರೆ ಕಡಿದರೆ ಲಾರಿಗಳೆಲ್ಲ ಬಳಸುದಾರಿ ಹಿಡಿದಾವು.

ಬೀಗವೇನೋ ಸರಿಯೇ. ಆದರೆ ಕೀಲಿಕೈ ಇರುವ ಹಿರಿಯ ಸಂಪಾದಕರು ಈ ರಸ್ತೆಯನ್ನೇ ಕಂಡಿರಲಿಕ್ಕಿಲ್ಲ. ಕಂಡವನು ಕೋರಿಕೆ ಕಳಿಸಿ ಕಾಯಬೇಕು! ‘ಓಪನ್‌ಸ್ಟ್ರೀಟ್‌ಮ್ಯಾಪ್’ನಲ್ಲಿ ಇಂಥ ದರ್ಜೆಗಳಿಲ್ಲ. ಮೊದಲ ದಿನವೇ ಹೆದ್ದಾರಿಯನ್ನು ತಿದ್ದಬಹುದು, ಕೆಡಿಸಲೂಬಹುದು. ಕೆಟ್ಟದ್ದನ್ನು ಸರಿಪಡಿಸುವವನೂ ಅಲ್ಲಿ ಇನ್ನೊಬ್ಬ ಸ್ವಯಂಸೇವಕನೇ.